ನಮ್ಮ ಏರಿಯಾ ಪೊಲೀಸ್ ಠಾಣೆ: ನನಗೆ ಕುರ್ಚಿ, ಆ ಹುಡುಗನಿಗೆ ನೆಲ

ಬೆಂಗಳೂರಿನಲ್ಲಿ ಲೇಡೀಸ್ ಪಿಜಿ ನಡೆಸುವವರಿಗೆ ಪೊಲೀಸ್ ಠಾಣೆ ಹೊಸದೇನಲ್ಲ. ಇರುವವರ ವಿವರ ಕೊಡಬೇಕು, ಹುಡುಗಿಯರ ಫೋನೋ ಪರ್ಸೋ ಹೋದರೆ ಜೊತೆಗೆ ಹೋಗಬೇಕು. ಯಾವ ಠಾಣೆ ಅಂತ ಬರೆಯುವುದಿಲ್ಲ. ನಾಳೆ ಮತ್ತೆ ಅಲ್ಲಿಗೇ ಹೋಗಬೇಕಲ್ವಾ.

ಕಳೆದುಹೋದ ವಸ್ತುಗಳ ಬಗ್ಗೆ ದೂರು ಕೊಡಲು ಪೊಲೀಸರು ಮಾಡಿರುವ ಇ-ಲಾಸ್ಟ್ ಆ್ಯಪ್ ನಿಜಕ್ಕೂ ಚೆನ್ನಾಗಿದೆ. ಮಾರ್ಕ್ಸ್ ಕಾರ್ಡ್, ಆಧಾರ್ ಕಳೆದರೆ ಠಾಣೆ ಮೆಟ್ಟಿಲು ಹತ್ತಬೇಕಿಲ್ಲ, ಸ್ವೀಕೃತಿ ಫೋನಿಗೇ ಬರುತ್ತದೆ. ಫೋನ್ ಕಳೆದಿದ್ದರೆ ಆ ಸ್ವೀಕೃತಿಯನ್ನೇ ಇಟ್ಟುಕೊಂಡು ಕೇಂದ್ರ ಸರ್ಕಾರದ ವೆಬ್‌ಸೈಟ್ ಸಿಇಐಆರ್‌ನಲ್ಲಿ ಬ್ಲಾಕ್ ಮಾಡಿಸಬಹುದು.

ಆದರೆ ಕಳೆದುಹೋಗುವುದು ಬೇರೆ, ಕಿತ್ತುಕೊಂಡು ಹೋಗುವುದು ಬೇರೆ. ನಮ್ಮ ಪಿಜಿ ಹುಡುಗಿಯ ಫೋನನ್ನು ಬಸ್ ಸ್ಟಾಪ್ ಹತ್ತಿರ ಬೈಕಿನಲ್ಲಿ ಬಂದ ಇಬ್ಬರು ಕಿತ್ತುಕೊಂಡರು. ಠಾಣೆಯಲ್ಲಿ ದೂರು, ದಾಖಲೆ ಬರೆಯುವ ರೈಟರ್ ಹೇಳಿದ್ದು ಹೀಗೆ: "ಮೇಡಂ, ಕಿತ್ಕೊಂಡ್ರು ಅಂದ್ರೆ ಕೋರ್ಟು ಕಚೇರಿ ಅಂತ ಅಲೀಬೇಕಾಗುತ್ತೆ. ಸುಮ್ನೆ ಕಳ್ದೋಯ್ತು ಅಂತ ಇ-ಲಾಸ್ಟ್ ಹಾಕ್ಬಿಡಿ." ಕಳೆದುಹೋದರೆ ಕೇಸ್ ಇಲ್ಲ. ಕೇಸ್ ಇಲ್ಲದಿದ್ದರೆ ಏರಿಯಾದಲ್ಲಿ ಕಳ್ಳತನವೂ ಇಲ್ಲ! ಭಾರತೀಯ ನ್ಯಾಯ ಸಂಹಿತೆಯ 304ನೇ ಸೆಕ್ಷನ್ ಇರುವುದೇ ಇಂಥದ್ದಕ್ಕೆ. ಇಂಥ ದೂರು ಬಂದರೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಲಲಿತಾ ಕುಮಾರಿ ಕೇಸಿನಲ್ಲಿ ಹೇಳಿದೆ. ನಾನೂ ಅದನ್ನೇ ಹೇಳಿ ಕೂತೆ. ಸಂಜೆಯ ಹೊತ್ತಿಗೆ ಎಫ್‌ಐಆರ್ ಆಯಿತು. ಪ್ರತಿ ಪುಕ್ಕಟೆ ಕೊಡಬೇಕು, ಆದರೆ ಕೇಳಿದ ಮೇಲೇ ಕೊಟ್ಟರು. ಹೇಳಿಕೆ ಬರೆದುಕೊಂಡ ಮಹಿಳಾ ಕಾನ್‌ಸ್ಟೇಬಲ್ ಮಾತ್ರ ಬಂಗಾರದಂಥವರು. ಹುಡುಗಿ ಅತ್ತಾಗ ಪೆನ್ ಕೆಳಗಿಟ್ಟು ನೀರು ತಂದುಕೊಟ್ಟರು.

ಅಷ್ಟರಲ್ಲಿ ಒಬ್ಬ ಡೆಲಿವರಿ ಹುಡುಗನನ್ನು ಕರೆತಂದರು. ಕಾರಿಗೆ ಬೈಕ್ ತಾಗಿಸಿದನಂತೆ. ಕಾರಿನವರಿಗೆ ನನ್ನ ಪಕ್ಕದ ಕುರ್ಚಿ. ಹುಡುಗನಿಗೆ ನೆಲ, ಊಟದ ಬ್ಯಾಗು ಇನ್ನೂ ಬೆನ್ನ ಮೇಲೇ ಇತ್ತು. ಹೆಸರು ಕೇಳಿದ್ದಕ್ಕೆ ಮೆಲ್ಲಗೆ ಏನೋ ಅಂದ. "ಜೋರಾಗ್ ಬೊಗಳೋ" ಅಂತ ಕೆನ್ನೆಗೆ ಬಾರಿಸಿದರು. ನಾನು ಎದ್ದು ನಿಂತೆ. ಹೊಡೆದ ಪೊಲೀಸಪ್ಪ ತಿರುಗಿ, "ನೀವ್ ಕೂತ್ಕೊಳ್ಳಿ ಮೇಡಂ, ಇವ್ರಿಗೆಲ್ಲ ಹಿಂಗ್ ಹೇಳಿದ್ರೇನೇ ಅರ್ಥ ಆಗೋದು" ಅಂದರು. ದನಿ ಎಷ್ಟು ಮೃದುವಾಗಿತ್ತು ಅಂದರೆ, ನನಗೆ ಹೆದರಿಕೆಯಾಗಿದ್ದು ಅದಕ್ಕೇ.

ಅವರ ತಲೆ ಮೇಲೇ ಕ್ಯಾಮೆರಾ ಇತ್ತು. ಠಾಣೆಯ ಮೂಲೆಮೂಲೆಯಲ್ಲೂ ಕ್ಯಾಮೆರಾ ಇರಬೇಕು, ದನಿಯೂ ರೆಕಾರ್ಡ್ ಆಗಬೇಕು, 18 ತಿಂಗಳು ಉಳಿಯಬೇಕು ಅಂತ ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಅದೇ ವರ್ಷ ತಮಿಳುನಾಡಿನ ಸಾತಾನ್‌ಕುಳಂನಲ್ಲಿ ಪೊಲೀಸರ ಹೊಡೆತಕ್ಕೆ ಅಪ್ಪ, ಮಗ ಸತ್ತರಲ್ಲ, ಅಲ್ಲೂ ಕ್ಯಾಮೆರಾ ಇತ್ತು. ರೆಕಾರ್ಡಿಂಗ್ ಮಾತ್ರ ದಿನಾ ತಾನಾಗಿಯೇ ಅಳಿಸಿಹೋಗುವ ಹಾಗೆ ಸೆಟ್ ಮಾಡಿದ್ದರು. ನಮ್ಮ ಠಾಣೆಯಲ್ಲಿ ಎಷ್ಟು ದಿನ ಇರುತ್ತದೆ ಅಂತ ರೈಟರ್‌ನ ಕೇಳಿದೆ. "ಅದೆಲ್ಲ ಸಾಹೇಬ್ರಿಗೇ ಗೊತ್ತು" ಅಂದರು.

ಹೊರಗೆ ಬರುವಾಗ ಗೋಡೆ ಮೇಲೆ 'ಲೋಕ ಸ್ಪಂದನ' ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿ ಅನುಭವ ಹೇಳಿ ಅನ್ನುತ್ತದೆ. ಯೋಚನೆ ಒಳ್ಳೆಯದೇ. ಆದರೆ ನನ್ನ ಅನುಭವಕ್ಕೇನು, ಚೆನ್ನಾಗಿಯೇ ಇತ್ತು. ಕುರ್ಚಿ ಸಿಕ್ಕಿತು, 'ಮೇಡಂ' ಅನ್ನಿಸಿಕೊಂಡೆ. ಆ ಹುಡುಗ ಸ್ಕ್ಯಾನ್ ಮಾಡುತ್ತಾನಾ? ಅವನು ಹೋಗಬೇಕಾದದ್ದು ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸುವ ಪೊಲೀಸ್ ದೂರು ಪ್ರಾಧಿಕಾರಕ್ಕೆ. ಪ್ರತಿ ರಾಜ್ಯದಲ್ಲೂ, ಜಿಲ್ಲೆಯಲ್ಲೂ ಅದು ಇರಬೇಕು ಅಂತ ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪು ಹೇಳಿದೆ. ಕರ್ನಾಟಕದಲ್ಲೂ ಇದೆ. ಠಾಣೆಯ ಗೋಡೆಗಳ ಮೇಲೆಲ್ಲ ಹುಡುಕಿದೆ, ಅದರ ವಿಳಾಸ ಕಾಣಲಿಲ್ಲ.

ಈ ಠಾಣೆಗೆ ಎರಡು ಸ್ಟಾರ್ ಕೊಟ್ಟಿದ್ದೇನೆ. ಒಂದು ಇ-ಲಾಸ್ಟ್‌ಗೆ, ಇನ್ನೊಂದು ನೀರು ತಂದುಕೊಟ್ಟ ಆ ಕಾನ್‌ಸ್ಟೇಬಲ್‌ಗೆ. ಹೊಡೆದದ್ದನ್ನು ದಿನ, ಹೊತ್ತು ಸಮೇತ ಬರೆದು ಕಮಿಷನರ್ ಆಫೀಸಿಗೆ ಪೋಸ್ಟ್ ಮಾಡಿದ್ದೇನೆ. ಆ ದಿನದ ರೆಕಾರ್ಡಿಂಗ್ ತೆಗೆದಿಡಿ ಅಂತಲೂ ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.