ಖಸಬ್‌ನಲ್ಲಿ ಒಂದು ಹಗಲು: ದೋಣಿಯೋ, ಬೆಟ್ಟವೋ?

ದುಬೈಯಿಂದ ಹೊರಡುವ ಕೆಲವು ಕ್ರೂಸ್ ಹಡಗುಗಳು ಒಮಾನ್ ದೇಶದ ಖಸಬ್‌ನಲ್ಲಿ ಒಂದು ಹಗಲು ನಿಲ್ಲುತ್ತವೆ. ಮೈಸೂರಿನ ನಮ್ಮ ಪಕ್ಕದ ಮನೆಯವರು ಈ ಚಳಿಗಾಲ ಹೊರಟಿದ್ದಾರೆ. "ಧೋ ದೋಣಿ ಹತ್ತೋದಾ, ಜೀಪಲ್ಲಿ ಬೆಟ್ಟಕ್ಕೆ ಹೋಗೋದಾ?" ಅಂತ ಕೇಳಿದರು. ಧೋ ಅಂದರೆ ಅರಬ್ಬರ ಹಳೇ ಕಾಲದ ಮಾದರಿಯ ಮರದ ದೋಣಿ. ನಾವು ಬೆಳಿಗ್ಗೆ ದೋಣಿ, ಮಧ್ಯಾಹ್ನ ಜೀಪು, ಎರಡನ್ನೂ ನೋಡಿಬಂದವರು. ಒಂದೇ ಸಾಕು ಅನ್ನುವವರಿಗೆ ನನ್ನ ಉತ್ತರ ಬೆಟ್ಟ.

ದೋಣಿ ಆರಾಮ, ಅದರಲ್ಲಿ ಎರಡು ಮಾತಿಲ್ಲ. ಜಮಖಾನದ ಮೇಲೆ ದಿಂಬಿಗೆ ಒರಗಿ ಕೂತರೆ ಖರ್ಜೂರ, ಚಹಾ ಕೈಗೆ ಬರುತ್ತದೆ. ಡಾಲ್ಫಿನ್‌ಗಳು ದೋಣಿಯ ಪಕ್ಕದಲ್ಲೇ ಈಜುತ್ತವೆ. 1860ರ ದಶಕದಲ್ಲಿ ಬ್ರಿಟಿಷರು ಇಂಡಿಯಾದ ತಂತಿ ಸಂದೇಶಕ್ಕಾಗಿ ಠಾಣೆ ಇಟ್ಟಿದ್ದ ಟೆಲಿಗ್ರಾಫ್ ದ್ವೀಪವೂ ಸಿಗುತ್ತದೆ. ಆದರೆ ಎರಡೂ ಕಡೆ ಬೋಳು ಬಂಡೆ. ಅದರ ಬುಡದಲ್ಲಿ ಪುಟ್ಟ ಊರುಗಳು. ಕುಡಿಯುವ ನೀರೂ ಅಲ್ಲಿಗೆ ದೋಣಿಯಲ್ಲೇ ಬರಬೇಕು. ಆ ಜನ ಹೇಗೆ ಬದುಕುತ್ತಾರೆ ಅಂತ ತಿಳಿಯುವಷ್ಟರಲ್ಲಿ ದೋಣಿ ಮುಂದೆ ಹೋಗಿರುತ್ತದೆ.

ಜೀಪು ಹತ್ತುವ ಬೆಟ್ಟ ಜೆಬೆಲ್ ಹರೀಮ್, ಎತ್ತರ 2,087 ಮೀಟರ್. ಸಮುದ್ರಮಟ್ಟದ ಲೆಕ್ಕದಲ್ಲಿ ನಮ್ಮ ಚಾಮುಂಡಿ ಬೆಟ್ಟದ ಹೆಚ್ಚುಕಡಿಮೆ ಎರಡರಷ್ಟು. ತುತ್ತತುದಿಗೆ ಬಿಡುವುದಿಲ್ಲ, ಅಲ್ಲಿ ರೇಡಾರ್ ಇದೆ. ಕೆಳಗಿನ ಜಲ್ಲಿ ರಸ್ತೆಯಲ್ಲಿ ಜೀಪು ನಿಲ್ಲಿಸಿ ಡ್ರೈವರ್ ಒಂದು ಬಂಡೆ ತೋರಿಸಿದರು. ಧೂಳು ಒರೆಸಿ ನೋಡಿದರೆ ಕಲ್ಲಾಗಿ ಹೋದ ಚಿಪ್ಪುಗಳು, ಬೆರಳಿಗೆ ಗೆರೆ ಗೆರೆಯಾಗಿ ಸಿಗುತ್ತವೆ. ಬೆಳಿಗ್ಗೆ ದೋಣಿಯಿಂದ ನೋಡಿದ್ದ ಆ ಸುಣ್ಣಕಲ್ಲು ಒಂದು ಕಾಲಕ್ಕೆ ಸಮುದ್ರದ ತಳ ಅಂತ ಆಗ ಮನಸ್ಸಿಗೆ ಇಳಿಯಿತು.

ನನಗೆ ಇನ್ನೂ ಹಿಡಿಸಿದ್ದು ಬೈತ್ ಅಲ್ ಖುಫ್ಲ್ ಎಂಬ ಬೀಗದ ಮನೆಗಳು. ನೆಲ ಅಗೆದು, ಅರ್ಧ ಮಣ್ಣೊಳಗೆ ಕಟ್ಟಿದ ದಪ್ಪ ಕಲ್ಲಿನ ಗೋಡೆ. ಒಳಗಿನ ಗುಡಾಣಗಳು ಬಾಗಿಲಿಗಿಂತ ದೊಡ್ಡವು! ಬೆಟ್ಟದ ಜನ ಮೊದಲು ಗುಡಾಣ ಇಟ್ಟು, ಆಮೇಲೆ ಸುತ್ತ ಗೋಡೆ ಎಬ್ಬಿಸುತ್ತಿದ್ದರಂತೆ. ಬೇಸಿಗೆಯಲ್ಲಿ ಕಾಳು ಅದರಲ್ಲಿ ತುಂಬಿ, ಬೀಗ ಹಾಕಿ, ಖರ್ಜೂರದ ಕೊಯ್ಲಿಗೂ ಮೀನಿಗೂ ಕರಾವಳಿಗೆ ಇಳಿಯುತ್ತಿದ್ದರು. ನಾನು ಮಂಡ್ಯದ ನಾಲೆ ಬಯಲಿನಲ್ಲಿ ಬೆಳೆದವನು. ಕನ್ನಂಬಾಡಿ ನೀರು ಒಂದು ವಾರ ತಡವಾದರೆ ನಮ್ಮೂರೆಲ್ಲ ಅದೇ ಮಾತು. ಇಲ್ಲಿ ಮಳೆಯನ್ನೇ ನಂಬಿ ಬೆಳೆದ ಕಾಳಿಗೆ ಇಷ್ಟು ಭದ್ರ ಮನೆ ಕಟ್ಟಿದ್ದಾರಲ್ಲ, ಅವರ ಮೇಲೆ ನನಗೆ ತುಂಬಾ ಗೌರವ ಬಂತು.

ಸೊಂಟ ನೋವು ಇದ್ದವರು, ತಿರುವಿನ ರಸ್ತೆಯಲ್ಲಿ ವಾಂತಿ ಆಗುವವರು ಸುಮ್ನೆ ದೋಣಿ ಹತ್ತಿ. ಜೀಪಿನಲ್ಲಿ ಕುಲುಕಾಟ ಜಾಸ್ತಿ. ಬೆಟ್ಟಕ್ಕೆ ಹೋಗುವವರು ಒಂದು ಸ್ವೆಟರ್ ಇಟ್ಟುಕೊಳ್ಳಿ, ಮೇಲೆ ಗಾಳಿ ತಣ್ಣಗಿರುತ್ತದೆ. ಹಡಗು ಹೊರಡುವ ಹೊತ್ತನ್ನು ಡ್ರೈವರ್‌ಗೆ ಮೊದಲೇ ಹೇಳಿಬಿಡಿ.