‘ರನ್’ ಎಂಬ ಒಂದೇ ಪದವನ್ನು ಹಿಡಿದು ಆಕ್ಸ್‌ಫರ್ಡ್ ಮಹಾನಿಘಂಟಿನ ಅಂತರ್ಜಾಲ ಆವೃತ್ತಿಯ ಪರಿಶೀಲನೆ

ದೊಡ್ಡ ನಿಘಂಟೊಂದರ ಕಸುವನ್ನು ಅಳೆಯಬೇಕಾದರೆ ಅದರಲ್ಲಿ ಅಪರೂಪದ ಪದಗಳನ್ನು ಹುಡುಕಿ ಪ್ರಯೋಜನವಿಲ್ಲ, ಏಕೆಂದರೆ ಅಂಥ ಪದಗಳು ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತವೆ. ನಿಘಂಟುಕಾರರು ನಿಜವಾಗಿ ಬೆವರು ಸುರಿಸುವುದು ಮಕ್ಕಳಿಗೂ ಗೊತ್ತಿರುವ ಚಿಕ್ಕಪುಟ್ಟ ಪದಗಳ ಮೇಲೆ. ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಅಂತರ್ಜಾಲ ಆವೃತ್ತಿಯನ್ನು ಪರಿಶೀಲಿಸಲು ನಾನು ‘ರನ್’ ಪದವನ್ನು ಆರಿಸಿಕೊಂಡದ್ದು ಈ ಕಾರಣಕ್ಕೆ. 2011ರಲ್ಲಿ ಪರಿಷ್ಕರಣೆ ಕಂಡ ಈ ನಮೂದಿನಲ್ಲಿ ಕ್ರಿಯಾಪದವೊಂದಕ್ಕೇ 645 ಅರ್ಥಗಳಿದ್ದು, ಅದನ್ನು ಸಿದ್ಧಪಡಿಸಲು ಸಂಪಾದಕ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿಯಿತು. 1989ರಲ್ಲಿ 20 ಸಂಪುಟಗಳಾಗಿ ಬಂದ ಎರಡನೆಯ ಆವೃತ್ತಿಯಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದವೆಂಬ ಹಿರಿಮೆ ‘ಸೆಟ್’ ಕ್ರಿಯಾಪದಕ್ಕೆ ಸಂದಿತ್ತು. ಆಗ ಅದರ ಅರ್ಥಗಳ ಸಂಖ್ಯೆ 430ನ್ನು ದಾಟಿತ್ತು.

ಸಂಖ್ಯೆಯನ್ನು ಕಂಡು ಬೆರಗಾಗುವ ಮುನ್ನ ಅದು ಹೇಗೆ ಬಂತೆಂದು ತಿಳಿಯುವುದು ಒಳ್ಳೆಯದು. ಇಂದು ಯಾರೂ ಬಳಸದ ಹಳೆಯ ಅರ್ಥಗಳು, ಬೇರೆ ಬೇರೆ ಕಸುಬುಗಳ ವಿಶೇಷ ಬಳಕೆಗಳು, ‘ಔಟ್’, ‘ಓವರ್’, ‘ಇನ್‌ಟು’ ಮೊದಲಾದವು ಜೊತೆಗೂಡಿ ಹುಟ್ಟುವ ಜೋಡಿಪದಗಳು, ಎಲ್ಲವೂ ಆ ಲೆಕ್ಕದಲ್ಲಿ ಸೇರಿವೆ. ಎರಡು ಬಳಕೆಗಳನ್ನು ಒಂದೇ ಅರ್ಥವೆಂದು ಕೂಡಿಸಬೇಕೋ ಎರಡೆಂದು ಬಿಡಿಸಬೇಕೋ ಎಂಬುದು ಸಂಪಾದಕರ ವಿವೇಚನೆಗೆ ಬಿಟ್ಟ ವಿಷಯವಾದ್ದರಿಂದ, ಇನ್ನೊಬ್ಬ ನಿಘಂಟುಕಾರರು ಅದೇ ಸಾಮಗ್ರಿಯಿಂದ ಬೇರೆ ಮೊತ್ತಕ್ಕೆ ಬಂದರೆ ಅದನ್ನು ತಪ್ಪೆನ್ನಲಾಗದು. ನಾನು ಈ ನಮೂದನ್ನು ಮೆಚ್ಚುವುದು ಅದರ ಸಂಖ್ಯೆಗಿಂತ ಹೆಚ್ಚಾಗಿ ಅದರ ಜೋಡಣೆಗಾಗಿ.

ಇಲ್ಲಿ ಅರ್ಥಗಳು ಇತಿಹಾಸದ ಕ್ರಮದಲ್ಲಿ ಬರುತ್ತವೆ: ದೊಡ್ಡ ಕವಲುಗಳು, ಅವುಗಳಲ್ಲಿ ಉಪಕವಲುಗಳು, ಪ್ರತಿ ಅರ್ಥದ ಕೆಳಗೆ ಇಸವಿ ಸಹಿತವಾದ ಪ್ರಯೋಗಗಳು. ಹಳೆಯ ಇಂಗ್ಲಿಷಿನಲ್ಲಿಯೇ ಈ ಧಾತುವಿಗೆ ಅಕ್ಷರ ಹಿಂದುಮುಂದಾದ ಎರಡು ರೂಪಗಳಿದ್ದವು; ಸ್ಕ್ಯಾಂಡಿನೇವಿಯದ ಭಾಷೆಯ ಸೋದರ ರೂಪವೂ ಅವುಗಳ ಮೇಲೆ ಪ್ರಭಾವ ಬೀರಿತು. ಕಾಲಿನಿಂದ ಓಡುವುದು, ನೀರು ಹರಿಯುವುದು ಎಂಬೆರಡೂ ಈ ಪದಕ್ಕೆ ಅತಿ ಹಳೆಯ ಅರ್ಥಗಳು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಮೂಗು ಸೋರುವುದಕ್ಕೂ ಒಗೆದ ಬಟ್ಟೆಯ ಬಣ್ಣ ಬಿಡುವುದಕ್ಕೂ ಇಂಗ್ಲಿಷಿನವರು ‘ರನ್’ ಎನ್ನುವುದು ವಿಚಿತ್ರವೆನಿಸುವುದಿಲ್ಲ. ಅವು ಹರಿಯುವಿಕೆಯ ಮಕ್ಕಳು. ಇನ್ನೊಂದು ಕಡೆ, ಇದ್ದಲ್ಲೇ ಇರುವ ಯಂತ್ರ ಚಕ್ರ ತಿರುಗುವ ಮಾತ್ರಕ್ಕೆ ‘ರನ್’ ಆಗುತ್ತದೆ, ಅದನ್ನು ನಡೆಸುವವರೂ ‘ರನ್’ ಮಾಡುತ್ತಾರೆ, ಅದೇ ಜಾಡಿನಲ್ಲಿ ಕಂಪನಿಯನ್ನು ನಡೆಸುವುದು, ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ಚಾಲನೆ ಮಾಡುವುದು ಸಾಲುಗಟ್ಟುತ್ತವೆ. ಕದಲದ ರಸ್ತೆಯೂ ಗೋಡೆಯೂ ಇಂಗ್ಲಿಷಿನಲ್ಲಿ ‘ರನ್’ ಆಗುತ್ತವೆ. ಅಮೆರಿಕದ ಅಭ್ಯರ್ಥಿ ಚುನಾವಣೆಗೆ ‘ರನ್’ ಆದರೆ ಬ್ರಿಟನ್ನಿನ ಅಭ್ಯರ್ಥಿ ‘ಸ್ಟ್ಯಾಂಡ್’ ಆಗುವುದು, ಅಂದರೆ ಒಬ್ಬರು ಓಡುವುದು ಇನ್ನೊಬ್ಬರು ನಿಲ್ಲುವುದು, ನನಗೆ ಬಹಳ ಇಷ್ಟವಾದ ಸಂಗತಿ.

ಕನ್ನಡಕ್ಕೆ ಅನುವಾದ ಮಾಡುವವರಿಗೆ ಈ ಜೋಡಣೆ ಕೈಹಿಡಿಯುವುದು ವಿಶೇಷವಾಗಿ ಜೋಡಿಪದಗಳಲ್ಲಿ. ‘ರನ್ ಓವರ್’ ಎಂಬುದಕ್ಕೆ ಸಂದರ್ಭಾನುಸಾರ ವಾಹನ ಮೈಮೇಲೆ ಹರಿಯುವುದು, ಪಾತ್ರೆಯಿಂದ ದ್ರವ ಉಕ್ಕಿ ಚೆಲ್ಲುವುದು, ಬರಹದ ಮೇಲೆ ಕಣ್ಣಾಡಿಸುವುದು, ಸಭೆ ಗೊತ್ತಾದ ಹೊತ್ತನ್ನು ಮೀರುವುದು ಎಂಬ ನಾಲ್ಕು ಬೇರೆ ಕ್ರಿಯೆಗಳನ್ನು ನಾವು ಬಳಸಬೇಕಾಗುತ್ತದೆ. ಪ್ರತಿಯೊಂದಕ್ಕೂ ಪ್ರಯೋಗಗಳಿರುವುದರಿಂದ ಮುಂದಿರುವ ವಾಕ್ಯ ಯಾವ ಗುಂಪಿಗೆ ಸೇರಿದ್ದೆಂದು ಧೈರ್ಯವಾಗಿ ನಿರ್ಧರಿಸಬಹುದು. ಆದರೆ ಇವೆಲ್ಲ ನಮೂದಿನ ಕೊನೆಯ ಭಾಗದಲ್ಲಿವೆ. ಅದನ್ನು ಅರಿಯದವರು ಮೊದಲ ಕವಲುಗಳಲ್ಲೇ ಅಲೆದು ಬೇಸತ್ತುಬಿಡುವ ಸಂಭವವಿದೆ.

ನಾಮಪದಕ್ಕೆ ಪ್ರತ್ಯೇಕ ನಮೂದಿದೆ. ಕ್ರಿಕೆಟ್ಟಿನ ಓಟ, ಬ್ಯಾಂಕಿನಿಂದ ಹಣ ಹಿಂಪಡೆಯಲು ಠೇವಣಿದಾರರು ಮುಗಿಬೀಳುವುದು, ಕಾಲುಚೀಲದ ಎಳೆ ಬಿಟ್ಟ ಗೆರೆ, ಕೋಳಿಗಳ ಬೇಲಿಯಾವರಣ ಎಲ್ಲವೂ ಅಲ್ಲಿವೆ.

ರೂಪ ಒಂದೇ ಆದರೂ ಹುಟ್ಟು ಬೇರೆಯಾದ ಪದಗಳನ್ನು ಈ ನಿಘಂಟು ಬೇರ್ಪಡಿಸುವ ಶಿಸ್ತೂ ಗಮನಾರ್ಹ. ನದಿಯ ದಡವೆಂಬ ‘ಬ್ಯಾಂಕ್’ ಮತ್ತು ಹಣದ ‘ಬ್ಯಾಂಕ್’ ಇಲ್ಲಿ ಎರಡು ನಮೂದುಗಳು; ಎರಡನೆಯದು ಇಟಾಲಿಯನ್, ಫ್ರೆಂಚ್ ಭಾಷೆಗಳ ಮೂಲಕ ಬಂದದ್ದು, ಆದರೂ ಬಹು ಹಿಂದೆ ಎರಡರ ಬೇರೂ ಜರ್ಮ್ಯಾನಿಕ್. ಗುಂಪು ಎಂಬರ್ಥದ ‘ಸೆಟ್’ ಕೂಡ ಇಡು ಎಂಬರ್ಥದ ಕ್ರಿಯಾಪದದಿಂದ ನೇರವಾಗಿ ಬಂದದ್ದಲ್ಲ, ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನಿಂದ ಬಂದು ಆಮೇಲೆ ಕ್ರಿಯಾಪದದ ಪ್ರಭಾವಕ್ಕೆ ಒಳಗಾದದ್ದು. ಎಲ್ಲ ಅರ್ಥಗಳನ್ನೂ ಒಂದೇ ರಾಶಿ ಹಾಕುವ ಅಗ್ಗದ ತಾಣಗಳಲ್ಲಿ ಈ ತಿಳಿವಳಿಕೆ ಸಿಗುವುದಿಲ್ಲ.

ಕೊರತೆಗಳೂ ಇವೆ. ಮೂರನೆಯ ಆವೃತ್ತಿಯ ಪರಿಷ್ಕೃತ ನಮೂದುಗಳು 2000ದಿಂದ, ‘ಎಂ’ ಅಕ್ಷರದಿಂದ ಮೊದಲಾಗಿ, ಕಂತುಕಂತಾಗಿ ಬರುತ್ತಿರುವುದರಿಂದ ಅಕ್ಕಪಕ್ಕದ ನಮೂದುಗಳಲ್ಲಿ ಒಂದು ಹೊಸದಾಗಿದ್ದು ಇನ್ನೊಂದು ಹಳೆಯ ಆವೃತ್ತಿಯ ಕಾಲದ್ದೇ ಆಗಿರಬಹುದು. ಯಾವುದು ಯಾವಾಗ ಪರಿಷ್ಕೃತವಾಯಿತೆಂಬ ಸೂಚನೆಯನ್ನು ಓದುಗರು ತಪ್ಪದೆ ನೋಡಬೇಕು. ಭಾಷೆ ಕಲಿಯುವವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ. ಇಂದು ಹೆಚ್ಚು ಬಳಕೆಯಲ್ಲಿರುವ ಅರ್ಥ ಅವರಿಗೆ ಮೊದಲು ಸಿಗಬೇಕು, ಇಲ್ಲಿ ಮೊದಲು ಸಿಗುವುದು ಹಳೆಯದು. ಅವರಿಗೆ ಬಳಕೆಯ ಪ್ರಮಾಣವನ್ನು ನೋಡಿ ಅರ್ಥಗಳನ್ನು ಜೋಡಿಸಿರುವ ಕಲಿಕೆಯ ನಿಘಂಟುಗಳೇ ಸರಿ.

ಅನುವಾದಕರು, ಅಧ್ಯಾಪಕರು, ಹಳೆಯ ಪಠ್ಯಗಳನ್ನು ಓದುವವರು ಮಾತ್ರ ಇದನ್ನು ಬಿಡಬಾರದು. ಸಂಪೂರ್ಣ ಬಳಕೆಗೆ ಚಂದಾ ಬೇಕು, ಮತ್ತು ಒಬ್ಬರೇ ಕೊಡಬೇಕಾದರೆ ಅದು ಹಗುರವಾದ ವೆಚ್ಚವಲ್ಲ. ಅನೇಕ ವಿಶ್ವವಿದ್ಯಾಲಯಗಳೂ ಗ್ರಂಥಾಲಯಗಳೂ ತಮ್ಮ ಸದಸ್ಯರಿಗೆ ಪ್ರವೇಶ ಒದಗಿಸುತ್ತವೆಯಾದ್ದರಿಂದ ಹಣ ತೆರುವ ಮೊದಲು ಅಲ್ಲಿ ವಿಚಾರಿಸುವುದು ಲೇಸು.