ನರ್ಸ್‌ಗಳಿಗೆ ಇಂಗ್ಲಿಷ್: ರೋಲ್ ಪ್ಲೇ ಮೇಲಾ, ಹ್ಯಾಂಡೋವರ್ ಮೇಲಾ?

ಬಳ್ಳಾರಿಯಲ್ಲಿ ಸ್ಟಾಫ್ ನರ್ಸ್‌ಗಳಿಗೆ ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡುತ್ತೇನೆ. ಡ್ಯೂಟಿ ಮುಗಿಸಿ ಸುಸ್ತಾಗಿ ಬರುವವರಿಗೆ ಗ್ರಾಮರ್ ತಲೆಗೆ ಹತ್ತಲ್ಲ. ಅದಕ್ಕೇ ಬರೀ ಮಾತಾಡಿಸುವ ಮೂರು ದಾರಿ ಹಿಡಿದು ನೋಡಿದೆ.

ಮೊದಲು ರೋಲ್ ಪ್ಲೇ, ಅಂದರೆ ಒಬ್ಬರು ನರ್ಸ್, ಇನ್ನೊಬ್ಬರು ಪೇಷಂಟ್ ಆಗಿ ಮಾತಾಡುವುದು. ಒಇಟಿ ಅಂತ ಆಸ್ಪತ್ರೆ ಕೆಲಸದವರಿಗೇ ಇರುವ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್ ಇರುವುದೇ ಹೀಗೆ. ಎರಡು ರೋಲ್ ಪ್ಲೇ, ಒಂದೊಂದು ಸುಮಾರು 5 ನಿಮಿಷ, ಅದಕ್ಕೆ ಮೊದಲು ಕಾರ್ಡ್ ಓದಿಕೊಳ್ಳಲು 3 ನಿಮಿಷ. ವಿದೇಶಕ್ಕೆ ಹೋಗಬೇಕು ಅಂತ ಈ ಪರೀಕ್ಷೆ ಕಟ್ಟಿದವರಿಗೆ ಇದು ಬೇಕೇ ಬೇಕು. ಆದರೆ ನಾಲ್ಕು ಕ್ಲಾಸ್ ಆಗುವಷ್ಟರಲ್ಲಿ 'ಡೋಂಟ್ ವರಿ' ಸಾಲುಗಳೆಲ್ಲ ಬಾಯಿಪಾಠ ಆಗಿಬಿಟ್ಟವು. ಪೇಷಂಟ್ ಆಗಿ ಕೂತವಳೂ ಗೆಳತಿಯೇ ಅಲ್ವಾ, ಕೇಳುವ ಮುಂಚೆಯೇ ಉತ್ತರ ಬರುತ್ತಿತ್ತು. ಆಮೇಲೆ ನಾನೇ ಪೇಷಂಟ್ ಆಗಿ ಕೂತೆ. "ಎದಿ ಹಿಡ್ಕೊಂಡಂಗ ಆಗೇತ್ರಿ ಸಿಸ್ಟರ್" ಅಂದೆ. ಇದನ್ನು ಡಾಕ್ಟರ್‌ಗೆ ಇಂಗ್ಲಿಷಿನಲ್ಲಿ ಹೇಳಿ ಅಂದರೆ "ಚೆಸ್ಟ್ ಕ್ಯಾಚಿಂಗ್" ಅಂದರು. 'ಟೈಟ್‌ನೆಸ್' ಅನ್ನೋ ಪದ ಅವತ್ತು ಅವರ ಬಾಯಿಗೆ ಬಂತು, ಮತ್ತೆ ಮರೆಯಲಿಲ್ಲ.

ಎರಡನೆಯದು, ಒಂದೇ ಕೇಸ್ ಶೀಟನ್ನು ಅರ್ಧರ್ಧ ಇಬ್ಬರಿಗೆ ಕೊಟ್ಟು ಪ್ರಶ್ನೆ ಕೇಳಿ ತುಂಬಿಸುವುದು. ಪ್ರಶ್ನೆ ಕೇಳೋದು ಕಲಿಯಲು ಒಳ್ಳೆಯದು. ಆದರೆ ಮಾತು ತಡವರಿಸಿದ ಕೂಡಲೇ ಹಾಳೆಯನ್ನೇ ತಿರುಗಿಸಿ ತೋರಿಸಿಬಿಡುತ್ತಾರೆ.

ನನಗೆ ಜಾಸ್ತಿ ಹಿಡಿಸಿದ್ದು ಮೂರನೆಯದು, ಎಸ್‌ಬಾರ್ (SBAR) ಹ್ಯಾಂಡೋವರ್. ಹ್ಯಾಂಡೋವರ್ ಅಂದರೆ ಪೇಷಂಟ್‌ನ ವಿಷಯವನ್ನು ಇನ್ನೊಬ್ಬ ನರ್ಸ್‌ಗೋ ಡಾಕ್ಟರ್‌ಗೋ ಹೇಳಿ ಒಪ್ಪಿಸುವುದು. ಈಗ ಏನಾಗಿದೆ, ಹಿಂದೆ ಏನಿತ್ತು, ನನಗೆ ಏನನ್ನಿಸುತ್ತಿದೆ, ನೀವೇನು ಮಾಡಬೇಕು, ಈ ನಾಲ್ಕನ್ನು ಇದೇ ಸಾಲಿನಲ್ಲಿ ಹೇಳಬೇಕು. ಅಮೆರಿಕದ ನೌಕಾಪಡೆಯಲ್ಲಿ ಹುಟ್ಟಿ ಆಸ್ಪತ್ರೆಗೆ ಬಂದ ಪದ್ಧತಿ ಇದು. ಇಬ್ಬರನ್ನೂ ಬೆನ್ನಿಗೆ ಬೆನ್ನು ಮಾಡಿ ಕೂರಿಸಿದೆ, ಫೋನಿನಲ್ಲಿ ಮಾತಾಡಿದ ಹಾಗೆ. ಕೈಸನ್ನೆ ಇಲ್ಲ, ಹಾಳೆ ತೋರಿಸೋ ಹಾಗಿಲ್ಲ, ಇರೋದು ಬಾಯಿ ಮತ್ತು ಕಿವಿ ಅಷ್ಟೇ.

ಮೊದಲ ದಿನವೇ ಒಬ್ಬರು ಇನ್ಸುಲಿನ್ 'ಫಿಫ್ಟೀನ್ ಯೂನಿಟ್ಸ್' ಅಂದರು. ಆ ಕಡೆಯವರು 50 ಅಂತ ಬರೆದುಕೊಂಡರು. ಹಾಳೆ ನೋಡಿ ನನ್ನ ಎದೆ ಧಸಕ್ ಅಂತು. ರೂಮಿನಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಆವತ್ತಿನಿಂದ 'ಫಿಫ್ಟೀನ್, ಒನ್ ಫೈವ್' ಅಂತ ಬಿಡಿಸಿ ಹೇಳಬೇಕು, ಕೇಳಿದವರು ತಿರುಗಿ ಓದಿ ಹೇಳಬೇಕು.

ಪರೀಕ್ಷೆ ಹತ್ತಿರ ಇದ್ದವರಿಗೆ ಈಗಲೂ ರೋಲ್ ಪ್ಲೇ ಮಾಡಿಸುತ್ತೇನೆ. ಉಳಿದವರಿಗೆ ಮೊದಲ ಅರ್ಧ ಗಂಟೆ ಹ್ಯಾಂಡೋವರ್. ಫ್ಯಾನ್ ಜೋರಾಗಿ ಹಾಕಿ, ಕಿಟಕಿ ತೆರೆದು ರಸ್ತೆಯ ಹಾರ್ನ್ ಒಳಗೆ ಬಿಡುತ್ತೇನೆ. ವಾರ್ಡಿನಲ್ಲಿ ಇದಕ್ಕಿಂತ ಜಾಸ್ತಿ ಗದ್ದಲ ಇರುತ್ತದೆ.